ಎಷ್ಟರ ತನಕ ಎಂದು ಎಷ್ಟು ಸಲ ಕೇಳಬೇಕು?

ಮಕ್ಕಳೇ, ಚಿಪ್ಪಗಿರಿ ಎಂಬ ಊರ ಹೆಸರಿನಲ್ಲಿ ಎಷ್ಟು ಅಕ್ಷರಗಳಿವೆ? ಒಂದನೆಯ ತರಗತಿಯವರೂ ಬೆರಳು ಮಡಚಿ ಹೇಳುತ್ತಾರೆ: ಚಿ, ಪ್ಪ, ಗಿ, ರಿ. ನಾಲ್ಕು. ಇದೇ ಪ್ರಶ್ನೆಯನ್ನು ಪೈಥಾನ್ ಭಾಷೆಯಲ್ಲಿ ಕೇಳಿದರೆ ಕಂಪ್ಯೂಟರ್ 9 ಎನ್ನುತ್ತದೆ. ಸಿ ಭಾಷೆಯಲ್ಲಿ ಕೇಳಿದರೆ 27 ಎನ್ನುತ್ತದೆ. ಮೂರು ಉತ್ತರಗಳೂ ಸರಿಯೇ, ಏಕೆಂದರೆ ಮೂವರೂ ಬೇರೆ ಬೇರೆ ವಸ್ತುವನ್ನು ಎಣಿಸುತ್ತಿದ್ದಾರೆ.

ಕಂಪ್ಯೂಟರಿನ ಒಳಗೆ ‘ಚಿ’ ಒಂದೇ ತುಂಡಾಗಿ ಕೂತಿರುವುದಿಲ್ಲ. ಚ ಒಂದು ಸಂಕೇತ, ಅದರ ಗುಡಿಸು ಇನ್ನೊಂದು. ‘ಪ್ಪ’ದಲ್ಲಿ ಮೂರು ಸಂಕೇತಗಳು: ಪ, ಅದರ ಸ್ವರವನ್ನು ತೆಗೆದುಹಾಕುವ ವಿರಾಮ ಚಿಹ್ನೆ, ಮತ್ತೆ ಪ. ಗಿಗೆ ಎರಡು, ರಿಗೆ ಎರಡು. ಒಟ್ಟು 9. ಇವು ಯೂನಿಕೋಡ್ ಎಂಬ ಜಾಗತಿಕ ಪಟ್ಟಿಯಲ್ಲಿ ಕನ್ನಡಕ್ಕೆ ಮೀಸಲಾದ ಸಂಖ್ಯೆಗಳು. ಈ ಸಂಖ್ಯೆಗಳನ್ನು ಕಡತದಲ್ಲಿ ಬರೆದಿಡುವ ಒಂದು ಕ್ರಮ ಯುಟಿಎಫ್-8. ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಎಂಬವರು 1992ರಲ್ಲಿ ಅದನ್ನು ರೂಪಿಸಿದರು. ಆ ಕ್ರಮದಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟ್ ಜಾಗ ಬೇಕು. ಒಂಬತ್ತು ಮೂರಲೆ ಇಪ್ಪತ್ತೇಳು.

ಚಿಪ್ಪಗಿರಿ ಇರುವುದು ಆಂಧ್ರಪ್ರದೇಶದ ಕರ್ನೂಲು ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿ, ಗುಂತಕಲ್ ರೈಲ್ವೆ ಜಂಕ್ಷನ್ನಿನ ಹತ್ತಿರ. ಈ ಸೀಮೆಯ ಆಲೂರು ಮತ್ತು ಆದೋನಿ ತಾಲ್ಲೂಕುಗಳು ಒಂದು ಕಾಲಕ್ಕೆ ಬಳ್ಳಾರಿ ಜಿಲ್ಲೆಯಲ್ಲಿದ್ದವು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಅದಕ್ಕೆ ಸೇರಿದವು. ಆದರೂ ಕನ್ನಡಿಗರಿಗೆ ಚಿಪ್ಪಗಿರಿ ದೂರದ ಊರಾಗಲಿಲ್ಲ. ಮಾನ್ವಿ ಸೀಮೆಯ ಚೀಕಲಪರವಿಯಲ್ಲಿ ಹುಟ್ಟಿದ ಹರಿದಾಸ ವಿಜಯದಾಸರು ಕೊನೆಗಾಲದಲ್ಲಿ ನೆಲೆ ನಿಂತು 1755ರಲ್ಲಿ ದೇಹ ಬಿಟ್ಟದ್ದು ಇಲ್ಲಿಯೇ. ಅವರ ಕಟ್ಟೆಯ ದರ್ಶನಕ್ಕೆ ಕಾರ್ತಿಕ ಶುದ್ಧ ದಶಮಿಯ ಆರಾಧನೆಯ ಹೊತ್ತಿಗೆ ಕರ್ನಾಟಕದಿಂದಲೂ ಜನ ಬರುತ್ತಾರೆ. ಅವರು ಇಪ್ಪತ್ತೈದು ಸಾವಿರ ಪದ, ಸುಳಾದಿಗಳನ್ನು ರಚಿಸಿದರೆಂದು ಹೇಳಿಕೆ. ಅವರ ಹಾಡುಗಳಲ್ಲಿ ‘ವಿಜಯವಿಠಲ’ ಎಂಬ ಅಂಕಿತವಿರುತ್ತದೆ. ಅಂಕಿತ ಎಂದರೆ ಹಾಡಿನೊಳಗೇ ಇರುವ ಸಹಿ.

ಈಗ ಒಂದು ಕೆಲಸ ಮಾಡೋಣ. ವಿಜಯದಾಸರ ಹಾಡುಗಳನ್ನು ಯಾರೋ ಶ್ರಮಪಟ್ಟು ಕಂಪ್ಯೂಟರಿನಲ್ಲಿ ಟೈಪ್ ಮಾಡಿಟ್ಟಿದ್ದಾರೆ ಎಂದುಕೊಳ್ಳಿ. ಆ ದೊಡ್ಡ ಕಡತದಲ್ಲಿ ಅಂಕಿತ ಎಲ್ಲೆಲ್ಲಿ ಬಂದಿದೆ ಎಂದು ಹುಡುಕಬೇಕು. ಮನುಷ್ಯನಾದರೆ ಸಾಲಿನ ಮೇಲೆ ಬೆರಳಿಟ್ಟುಕೊಂಡು ಹೋಗುತ್ತಾನೆ. ಕಂಪ್ಯೂಟರಿಗೆ ನಾವು ಹೀಗೆ ಹೇಳಬೇಕು: ಮೊದಲ ಸ್ಥಾನದಲ್ಲಿ ನಿಲ್ಲು. ಇಲ್ಲಿಂದ ಅಂಕಿತ ಶುರುವಾಗುತ್ತದೆಯೇ ನೋಡು. ಒಂದು ಸ್ಥಾನ ಮುಂದೆ ಹೋಗು, ಮತ್ತೆ ನೋಡು. ಕಡತ ಮುಗಿಯುವ ತನಕ ಹೀಗೆಯೇ ಮಾಡು. ಒಂದೇ ಕೆಲಸವನ್ನು ಹೀಗೆ ಮತ್ತೆ ಮತ್ತೆ ಮಾಡಿಸುವ ಆಜ್ಞೆಗೆ ಪ್ರೋಗ್ರಾಂ ಬರೆಯುವವರು ಲೂಪ್ ಎನ್ನುತ್ತಾರೆ. ಪ್ರತಿ ಸಲದ ಓಟ ಒಂದು ಸುತ್ತು. ‘ಕಡತ ಮುಗಿಯುವ ತನಕ’ ಎಂಬುದು ಲೂಪಿನ ಮಿತಿ.

ನನಗೆ ಬಹಳ ಇಷ್ಟವಾದ ಪ್ರಶ್ನೆ ಇಲ್ಲಿದೆ. ‘ಎಷ್ಟರ ತನಕ’ ಎಂಬುದನ್ನು ಕಂಪ್ಯೂಟರ್ ಯಾವಾಗ ಲೆಕ್ಕ ಹಾಕುತ್ತದೆ? ಹೊರಡುವ ಮುನ್ನ ಒಂದೇ ಸಲವೇ? ಇಲ್ಲವೇ ಪ್ರತಿ ಸುತ್ತಿಗೂ ಹೊಸದಾಗಿಯೇ?

ವ್ಯತ್ಯಾಸ ತಿಳಿಯಲು ಆದೋನಿಯ ಮಾರುಕಟ್ಟೆ ಯಾರ್ಡಿಗೆ ಬನ್ನಿ. ಹತ್ತಿ, ಶೇಂಗಾ ವಹಿವಾಟಿಗೆ ಹೆಸರಾದ ಜಾಗ ಅದು. ಒಬ್ಬ ರೈತ 40 ಚೀಲ ಶೇಂಗಾ ತಂದಿದ್ದಾನೆ, ಹಮಾಲರು ಒಂದೊಂದೇ ಚೀಲವನ್ನು ಕಾಟಾಕ್ಕೆ ಇಡುತ್ತಿದ್ದಾರೆ. ಮೊದಲ ಗುಮಾಸ್ತ ಬೆಳಿಗ್ಗೆಯೇ ರಾಶಿಯನ್ನು ಎಣಿಸಿ ಚೀಟಿಯಲ್ಲಿ 40 ಎಂದು ಬರೆದುಕೊಂಡ. ನಲವತ್ತು ತೂಕ ಆದೊಡನೆ ಪುಸ್ತಕ ಮುಚ್ಚುತ್ತಾನೆ. ಎರಡನೆಯ ಗುಮಾಸ್ತ ಚೀಟಿ ಬರೆಯುವವನಲ್ಲ. ಪ್ರತಿ ಚೀಲ ತೂಗಿದ ಮೇಲೂ ತಲೆ ಎತ್ತಿ ‘ಇನ್ನೂ ಉಂಟೇನು?’ ಎಂದು ರಾಶಿ ನೋಡುತ್ತಾನೆ. ತೂಕ ನಡೆದಿರುವಾಗಲೇ ರೈತನ ತಮ್ಮ ಟ್ರ್ಯಾಕ್ಟರಿನಲ್ಲಿ ಇನ್ನೂ ಐದು ಚೀಲ ತಂದ. ಮೊದಲನೆಯವನ ಪುಸ್ತಕದಲ್ಲಿ 40, ಎರಡನೆಯವನ ಪುಸ್ತಕದಲ್ಲಿ 45. ಇಬ್ಬರೂ ತಮ್ಮ ತಮ್ಮ ನಿಯಮವನ್ನು ತಪ್ಪದೆ ಪಾಲಿಸಿದ್ದಾರೆ.

ಪ್ರೋಗ್ರಾಂ ಭಾಷೆಗಳಲ್ಲೂ ಈ ಎರಡು ಪಂಗಡಗಳುಂಟು. ಯಾವ ಭಾಷೆ ಯಾವ ಪಂಗಡ ಎಂಬುದನ್ನು ಆ ಭಾಷೆಯನ್ನು ರೂಪಿಸಿದವರು ಮೊದಲೇ ಬರೆದಿಟ್ಟಿರುತ್ತಾರೆ. ಆ ಬರಹವನ್ನು ಚಾಚೂ ತಪ್ಪದೆ ಪಾಲಿಸಬೇಕಾದದ್ದು ಕಂಪೈಲರ್. ನಾವು ಬರೆದ ಪ್ರೋಗ್ರಾಮನ್ನು ಯಂತ್ರ ನಡೆಸಬಲ್ಲ ಆಜ್ಞೆಗಳಾಗಿ ಮಾರ್ಪಡಿಸುವುದೂ ಒಂದು ಪ್ರೋಗ್ರಾಮೇ. ಅದರ ಹೆಸರು ಕಂಪೈಲರ್.

ಹೆಚ್ಚು ಜನರ ಬಳಕೆಗೆ ಬಂದ ಮೊದಲ ದೊಡ್ಡ ಭಾಷೆ ಫೋರ್ಟ್ರಾನ್. ಐಬಿಎಂ ಕಂಪನಿಯಲ್ಲಿ ಜಾನ್ ಬ್ಯಾಕಸ್ ಮತ್ತು ಅವರ ತಂಡ ಐಬಿಎಂ 704 ಎಂಬ ಯಂತ್ರಕ್ಕಾಗಿ ಅದರ ಕಂಪೈಲರನ್ನು ಕಟ್ಟಿ 1957ರಲ್ಲಿ ಹೊರತಂದರು. ಅದುವರೆಗೆ ಯಂತ್ರದ ಆಜ್ಞೆಗಳನ್ನು ಬಹುಮಟ್ಟಿಗೆ ಮನುಷ್ಯರೇ ಕೈಯಿಂದ ಬರೆಯುತ್ತಿದ್ದರು. ಕಂಪೈಲರ್ ಕೊಡುವ ಆಜ್ಞೆಗಳು ಕೈಬರಹದಷ್ಟೇ ಚುರುಕಾಗಿ ಓಡದಿದ್ದರೆ ಯಾರೂ ಇದನ್ನು ಮುಟ್ಟುವುದಿಲ್ಲ ಎಂಬ ಅಳುಕು ತಂಡಕ್ಕಿತ್ತು. ಆ ಯಂತ್ರದಲ್ಲಿ ಎಣಿಕೆಗೆ ಒದಗುವ ವಿಶೇಷ ಗೂಡುಗಳು ಮೂರೇ ಮೂರು. ಇಂಡೆಕ್ಸ್ ರಿಜಿಸ್ಟರ್ ಎಂದು ಅವುಗಳ ಹೆಸರು. ಲೂಪಿನ ಎಣಿಕೆಯನ್ನು ಈ ಗೂಡಿಗೆ ಹಾಕಿಬಿಟ್ಟರೆ ಒಂದೊಂದು ಸುತ್ತಿಗೂ ಒಂದೊಂದು ಕಳೆಯುತ್ತ ಬಹು ಬೇಗ ಓಡುತ್ತದೆ. ಆದ್ದರಿಂದ ಆ ಮೊದಲ ಫೋರ್ಟ್ರಾನಿನ ನಿಯಮ ಬಿಗಿಯಾಗಿತ್ತು. ಮಿತಿಯ ಜಾಗದಲ್ಲಿ ಒಂದು ಅಂಕಿ ಬರೆಯಬಹುದು, ಇಲ್ಲವೇ ಅಂಕಿಯನ್ನು ಇಟ್ಟುಕೊಂಡ ಒಂದು ಹೆಸರನ್ನು ಬರೆಯಬಹುದು. ‘ಉದ್ದದ ಎರಡರಷ್ಟಕ್ಕೆ ಮೂರು ಕೂಡಿಸಿ’ ಎಂಬಂಥ ಲೆಕ್ಕ ಬರೆಯುವಂತಿರಲಿಲ್ಲ.

ಮಿತಿಯ ಜಾಗದಲ್ಲಿ ಲೆಕ್ಕ ಬರೆಯುವ ಅವಕಾಶ 1977ರ ಫೋರ್ಟ್ರಾನ್ ನಿಯಮಾವಳಿಯಲ್ಲಿ ಬಂತು. ಅದರೊಂದಿಗೆ ಒಂದು ಚಂದದ ಕಟ್ಟುಪಾಡೂ ಬಂತು. ಲೂಪಿಗೆ ಕಾಲಿಡುವ ಮೊದಲೇ, ಎಲ್ಲಿಂದ ಎಲ್ಲಿಗೆ, ಎಷ್ಟೆಷ್ಟು ಹೆಜ್ಜೆ ಎಂಬುದನ್ನು ನೋಡಿ ಒಟ್ಟು ಎಷ್ಟು ಸುತ್ತು ಎಂದು ಲೆಕ್ಕ ಹಾಕಿಟ್ಟುಕೊಳ್ಳಬೇಕು. ಆಮೇಲೆ ಲೂಪಿನ ಒಳಗೆ, ಮಿತಿಯಲ್ಲಿ ಬರೆದ ಹೆಸರಿನ ಅಂಕಿಯನ್ನು ಬದಲಾಯಿಸಿದರೂ ಸುತ್ತುಗಳ ಸಂಖ್ಯೆ ಬದಲಾಗದು. ನಿಕ್ಲಾಸ್ ವಿರ್ತ್ 1970ರಲ್ಲಿ ಹೊರತಂದ ಪಾಸ್ಕಲ್ ಭಾಷೆಯೂ ಹೀಗೆಯೇ, ಮೊದಲ ಗುಮಾಸ್ತನ ಪಂಗಡ.

ಮೊದಲ ಫೋರ್ಟ್ರಾನಿಗೂ ಪಾಸ್ಕಲಿಗೂ ನಡುವೆ ಬಂದ ಆಲ್ಗಾಲ್ 60 ಎಂಬ ಭಾಷೆ ಬೇರೆಯೇ ದಾರಿ ಹಿಡಿಯಿತು. ಅದರಲ್ಲಿ ಮಿತಿಯ ಲೆಕ್ಕವನ್ನೂ ಹೆಜ್ಜೆಯ ಲೆಕ್ಕವನ್ನೂ ಪ್ರತಿ ಸುತ್ತಿಗೆ ಹೊಸದಾಗಿ ಹಾಕಬೇಕು. 1970ರ ದಶಕದ ಆರಂಭದಲ್ಲಿ ಡೆನ್ನಿಸ್ ರಿಚಿ ರೂಪಿಸಿದ ಸಿ ಭಾಷೆಯೂ ಎರಡನೆಯ ಗುಮಾಸ್ತನ ಕಡೆ. ನಿಜ ಹೇಳಬೇಕೆಂದರೆ ಸಿ ಭಾಷೆಯ ಲೂಪಿನಲ್ಲಿ ಮಿತಿ ಎಂಬ ಪ್ರತ್ಯೇಕ ಜಾಗವೇ ಇಲ್ಲ. ಇರುವುದು ಒಂದು ಷರತ್ತು: ‘ಸ್ಥಾನವು ಉದ್ದಕ್ಕಿಂತ ಕಡಿಮೆ ಇದೆಯೇ?’ ಪ್ರತಿ ಸುತ್ತಿನ ಮೊದಲು ಈ ಪ್ರಶ್ನೆಯನ್ನು ಇಡಿಯಾಗಿ ಮತ್ತೆ ಕೇಳಬೇಕು. ಜಾವಾ, ಜಾವಾಸ್ಕ್ರಿಪ್ಟ್ ಭಾಷೆಗಳು ಸಿ ಭಾಷೆಯ ಈ ಪದ್ಧತಿಯನ್ನೇ ತೆಗೆದುಕೊಂಡವು.

ಪ್ರಶ್ನೆ ಮತ್ತೆ ಕೇಳಿದರೆ ಏನು ನಷ್ಟ ಎನ್ನುವಿರಾ? ನಮ್ಮ ಚಿಪ್ಪಗಿರಿ ಪದವನ್ನೇ ತೆಗೆದುಕೊಳ್ಳಿ. ಸಿ ಭಾಷೆಯಲ್ಲಿ ಪದದ ಉದ್ದವನ್ನು ಎಲ್ಲಿಯೂ ಬರೆದಿಡುವುದಿಲ್ಲ. ಪದದ ಬೈಟುಗಳು ಸಾಲಾಗಿ ಇರುತ್ತವೆ, ಕೊನೆಯಲ್ಲಿ ‘ಇಲ್ಲಿಗೆ ಮುಗಿಯಿತು’ ಎಂಬ ಗುರುತಿಗೆ ಒಂದು ಸೊನ್ನೆಯ ಬೈಟ್. ಉದ್ದ ಬೇಕೆಂದರೆ ಸ್ಟ್ರ್‌ಲೆನ್ ಎಂಬ ಸಿದ್ಧ ಆಜ್ಞೆಯನ್ನು ಕರೆಯುತ್ತೇವೆ. ಅದು ಮೊದಲಿನಿಂದ ಹೊರಟು ಸೊನ್ನೆ ಸಿಗುವ ತನಕ ನಡೆದು, ನಡೆದದ್ದೆಷ್ಟು ಎಂದು ಹೇಳುತ್ತದೆ. ಚಿಪ್ಪಗಿರಿಗೆ 27 ಬೈಟ್, ಕೊನೆಯ ಸೊನ್ನೆ ಸೇರಿ 28 ನೋಟ.

ಈಗ ಪದದ ಒಂದೊಂದೇ ಬೈಟನ್ನು ನೋಡುವ ಲೂಪು ಬರೆದು, ಷರತ್ತಿನ ಜಾಗದಲ್ಲಿ ಸ್ಟ್ರ್‌ಲೆನ್ ಅನ್ನೇ ಇಟ್ಟೆವು. ಷರತ್ತನ್ನು 28 ಸಲ ಕೇಳಲಾಗುತ್ತದೆ: 27 ಸಲ ‘ಹೌದು’, ಕೊನೆಗೆ ಒಮ್ಮೆ ‘ಇಲ್ಲ’. ಪ್ರತಿ ಸಲವೂ ಸ್ಟ್ರ್‌ಲೆನ್ ಒಂದೊಂದೇ ಬೈಟ್ ನೋಡುತ್ತ ಆ ತುದಿಯ ತನಕ ನಡೆದರೆ, ಉದ್ದ ಅಳೆಯುವುದಕ್ಕೇ 28 ಗುಣಿಸು 28, ಅಂದರೆ 784 ನೋಟ. ಮೊದಲೇ ಒಮ್ಮೆ ಅಳೆದು ಬರೆದಿಟ್ಟುಕೊಂಡಿದ್ದರೆ 28 ಸಾಕಿತ್ತು. ಇಷ್ಟು ಚಿಕ್ಕ ಪದದಲ್ಲಿ ಇದು ನಿಮ್ಮ ಗಮನಕ್ಕೇ ಬರದು. ಆದರೆ ಹಾಡುಗಳ ಕಡತ ಒಂದು ಲಕ್ಷ ಬೈಟ್ ಇದೆ ಎನ್ನಿ. ಕನ್ನಡದ ಒಂದು ಸಣ್ಣ ಪುಸ್ತಿಕೆಗೆ ಅಷ್ಟು ಸುಲಭವಾಗಿ ಆಗುತ್ತದೆ. ಆಗ ಲಕ್ಷ ಗುಣಿಸು ಲಕ್ಷ, ಸಾವಿರ ಕೋಟಿ ನೋಟ! ಕಡತ ಎರಡರಷ್ಟಾದರೆ ಕೆಲಸ ನಾಲ್ಕರಷ್ಟಾಗುತ್ತದೆ, ಹತ್ತರಷ್ಟಾದರೆ ನೂರರಷ್ಟು.

ಲೋಕದಲ್ಲಿ ಇದು ನಿಜವಾಗಿ ನಡೆದಿದೆ. ಬಹಳ ಜನ ಆಡುವ ಒಂದು ಆನ್‌ಲೈನ್ ಆಟ ತೆರೆದುಕೊಳ್ಳಲು ನಿಮಿಷಗಟ್ಟಲೆ ಕಾಯಬೇಕಾಗುತ್ತಿತ್ತು. ಏಕೆಂದು ಯಾರಿಗೂ ತಿಳಿಯದೆ ವರ್ಷಗಳು ಕಳೆದವು. 2021ರಲ್ಲಿ ಆಟಗಾರನೊಬ್ಬ ಆಟದ ಒಳಗನ್ನು ತಾಳ್ಮೆಯಿಂದ ಪರೀಕ್ಷಿಸಿದ. ಸುಮಾರು 10 ಮೆಗಾಬೈಟಿನ ಒಂದು ಪಟ್ಟಿಯನ್ನು ಆಟ ಓದುತ್ತಿತ್ತು. ಪಟ್ಟಿಯ ಒಂದೊಂದು ತುಂಡು ಓದುವಾಗಲೂ ಉಳಿದ ಭಾಗದ ಉದ್ದವನ್ನು ಕೊನೆಯ ತನಕ ಅಳೆಯುತ್ತಿತ್ತು! ಉದ್ದವನ್ನು ಒಮ್ಮೆ ಅಳೆದು ನೆನಪಿಟ್ಟುಕೊಳ್ಳುವಂತೆ ಮಾಡಿ, ಜೊತೆಗೆ ಇನ್ನೊಂದು ದೋಷವನ್ನೂ ತಿದ್ದಿದಾಗ ಕಾಯುವ ಹೊತ್ತು ಸುಮಾರು ಶೇಕಡಾ 70ರಷ್ಟು ಕಡಿಮೆಯಾಯಿತು. ಕಂಪನಿ ಆ ತಿದ್ದುಪಡಿಯನ್ನು ಒಪ್ಪಿ, ಅವನಿಗೆ ಬಹುಮಾನವನ್ನೂ ಕೊಟ್ಟಿತು.

ನಿಮ್ಮಲ್ಲಿ ಒಬ್ಬರಾದರೂ ಈಗ ಕೇಳುತ್ತೀರಿ: ಕಂಪೈಲರ್ ಅಷ್ಟು ಜಾಣ ಎಂದಾದರೆ, ಪದ ಬದಲಾಗುತ್ತಿಲ್ಲ ಎಂದು ತಾನೇ ಕಂಡುಕೊಂಡು ಅಳತೆಯನ್ನು ಲೂಪಿನ ಹೊರಗೆ ಒಮ್ಮೆ ಮಾಡಬಾರದೇ? ಒಳ್ಳೆಯ ಪ್ರಶ್ನೆ. ಮಾಡುತ್ತದೆ, ಅನೇಕ ಸಲ ಮಾಡುತ್ತದೆ. ಪ್ರತಿ ಸುತ್ತಿನಲ್ಲೂ ಒಂದೇ ಉತ್ತರ ಬರುವ ಲೆಕ್ಕವನ್ನು ಗುರುತಿಸಿ, ಅದನ್ನು ಲೂಪಿನ ಹೊಸ್ತಿಲಾಚೆ ತಂದಿಡುವುದು ಕಂಪೈಲರುಗಳ ಹಳೆಯ ವಿದ್ಯೆ.

ಈ ವಿದ್ಯೆಯನ್ನು ಬೆಳೆಸಿದವರಲ್ಲಿ ದೊಡ್ಡ ಹೆಸರು ಫ್ರಾನ್ಸಿಸ್ ಆ್ಯಲನ್. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಪೆರು ಎಂಬ ಹಳ್ಳಿಯ ಬಳಿ ಒಕ್ಕಲುತನದ ಮನೆಯಲ್ಲಿ 1932ರಲ್ಲಿ ಹುಟ್ಟಿದವರು. ಶಾಲೆಯಲ್ಲಿ ಗಣಿತದ ಟೀಚರ್ ಆಗಿದ್ದರು. ಓದಿಗೆಂದು ಮಾಡಿದ ಸಾಲ ತೀರಿಸಿ ಮತ್ತೆ ಪಾಠಕ್ಕೆ ಮರಳುವ ಯೋಚನೆಯಿಂದ 1957ರಲ್ಲಿ ಐಬಿಎಂ ಸೇರಿದರು. ಅಲ್ಲಿ ಅವರಿಗೆ ಸಿಕ್ಕ ಮೊದಲ ಕೆಲಸ, ಆಗಷ್ಟೇ ಹೊರಬಂದ ಫೋರ್ಟ್ರಾನನ್ನು ವಿಜ್ಞಾನಿಗಳಿಗೆ ಕಲಿಸುವುದು. ಕಲಿಸಬೇಕಾದರೆ ತಾವು ಚೆನ್ನಾಗಿ ಕಲಿಯಬೇಕಲ್ಲ, ಅದಕ್ಕಾಗಿ ಕಂಪೈಲರಿನ ಒಳಗನ್ನೇ ಓದಿಕೊಂಡರು. ಓದಿದವರು ಅಲ್ಲಿಯೇ ಉಳಿದರು. ಪ್ರೋಗ್ರಾಮಿನ ಯಾವ ಭಾಗದಿಂದ ಯಾವ ಭಾಗಕ್ಕೆ ದಾರಿ ಇದೆ, ಯಾವ ಬೆಲೆ ಎಲ್ಲಿ ಬದಲಾಗಬಲ್ಲದು ಎಂಬುದನ್ನು ನಕ್ಷೆಯಂತೆ ಬಿಡಿಸಿ ನೋಡುವ ಕ್ರಮವನ್ನು ಅವರು ರೂಪಿಸಿದರು. 2006ರ ಟ್ಯೂರಿಂಗ್ ಪ್ರಶಸ್ತಿ ಅವರಿಗೆ ಬಂತು. ಕಂಪ್ಯೂಟರ್ ವಿಜ್ಞಾನದ ಆ ಅತಿ ದೊಡ್ಡ ಗೌರವ ಪಡೆದ ಮೊದಲ ಮಹಿಳೆ ಅವರು. ನಿಮ್ಮ ಶಾಲೆಯ ಗಣಿತದ ಟೀಚರಿಗೆ ಈ ಕಥೆ ಹೇಳಿ, ಸಂತೋಷಪಡುತ್ತಾರೆ.

ಆದರೆ ಅಳತೆಯನ್ನು ಹೊರಗೆ ತರಲು ಕಂಪೈಲರಿಗೆ ‘ಬಹುಶಃ ಬದಲಾಗದು’ ಎಂಬ ಅಂದಾಜು ಸಾಲದು. ಖಚಿತವಾಗಿ ಬದಲಾಗದು ಎಂದು ತೋರಿಸಿಕೊಡುವಂತಿರಬೇಕು. ಅದನ್ನು ತಡೆಯುವ ಸಂಗತಿಗಳು ಹಲವು.

ಲೂಪು ಪದವನ್ನು ಓದುವುದಷ್ಟೇ ಅಲ್ಲದೆ ಅದರೊಳಗೆ ಬರೆಯುತ್ತಲೂ ಇದೆ ಎಂದುಕೊಳ್ಳಿ. ಉದಾಹರಣೆಗೆ ಹಾಡಿನಲ್ಲಿ ಒಂದು ಅಕ್ಷರವನ್ನು ತಿದ್ದುತ್ತಿದೆ. ಬರೆಯುವ ಬೈಟುಗಳಲ್ಲಿ ಒಂದು ಸೊನ್ನೆ ಆಗಿಬಿಟ್ಟರೆ ಪದ ಅಲ್ಲಿಗೇ ಮುಗಿಯುತ್ತದೆ, ಉದ್ದ ಬದಲಾಗುತ್ತದೆ. ನಾವು ಎಂದೂ ಸೊನ್ನೆ ಬರೆಯುವುದಿಲ್ಲ ಎಂಬುದು ನಮಗೆ ಗೊತ್ತು, ಕಂಪೈಲರಿಗೆ ಗೊತ್ತಿರಬೇಕಾಗಿಲ್ಲ. ಗೊತ್ತಿಲ್ಲದಿದ್ದರೆ ಅದು ಪ್ರತಿ ಸುತ್ತಿಗೂ ಅಳೆಯುತ್ತದೆ. ನಿಧಾನವಾದರೂ ಸರಿ, ಉತ್ತರ ತಪ್ಪಬಾರದು.

ಇನ್ನೂ ಸೂಕ್ಷ್ಮವಾದದ್ದೊಂದಿದೆ. ಲೂಪು ಬರೆಯುತ್ತಿರುವುದು ಬೇರೊಂದು ಪದಕ್ಕೆ ಎನ್ನಿ. ಆದರೆ ಸಿ ಭಾಷೆಯಲ್ಲಿ ನೆನಪಿನ ಒಂದೇ ಜಾಗಕ್ಕೆ ಎರಡು ಹೆಸರುಗಳಿರಬಹುದು. ಮನೆಯಲ್ಲಿ ಒಂದು ಹೆಸರು, ಹಾಜರಿ ಪುಸ್ತಕದಲ್ಲಿ ಇನ್ನೊಂದು ಹೆಸರು ಇರುವ ಹುಡುಗ ನಿಮ್ಮ ತರಗತಿಯಲ್ಲೂ ಇದ್ದಾನು. ಎರಡು ಹೆಸರು ಕೇಳಿದ ಮಾತ್ರಕ್ಕೆ ಇಬ್ಬರು ಎಂದು ಕಂಪೈಲರ್ ನಂಬುವಂತಿಲ್ಲ. ಬೇರೆ ಎಂದು ಸಾಬೀತಾಗುವ ತನಕ ಒಂದೇ ಇರಬಹುದು ಎಂದುಕೊಂಡೇ ನಡೆಯಬೇಕು.

ಮೂರನೆಯದು ಎಲ್ಲಕ್ಕಿಂತ ಸ್ಪಷ್ಟ. ಮಿತಿಯ ಜಾಗದಲ್ಲಿ ‘ಎಷ್ಟು ಬೇಕು ಎಂದು ಬಳಕೆದಾರರನ್ನು ಕೇಳು’ ಎಂಬ ಆಜ್ಞೆ ಇದೆ ಎನ್ನಿ. ಪಾಸ್ಕಲಿನಲ್ಲಿ ಅದು ಒಮ್ಮೆ ಕೇಳುತ್ತದೆ, ನೀವು 5 ಎಂದು ಒತ್ತುತ್ತೀರಿ, ಐದು ಸುತ್ತು ಮುಗಿಯುತ್ತದೆ. ಸಿ ಭಾಷೆಯಲ್ಲಿ ಪ್ರತಿ ಸುತ್ತಿಗೂ ಪರದೆಯ ಮೇಲೆ ಪ್ರಶ್ನೆ ಬರುತ್ತದೆ, ಪ್ರತಿ ಸಲವೂ ನೀವು ಬೇರೆ ಬೇರೆ ಉತ್ತರ ಕೊಡಬಹುದು. ಇಲ್ಲಿ ವೇಗದ ಮಾತೇ ಇಲ್ಲ, ಪ್ರೋಗ್ರಾಮಿನ ನಡತೆಯೇ ಬೇರೆ. ಸಿ ಕಂಪೈಲರ್ ಉಪಕಾರ ಮಾಡುವ ಆಸೆಯಿಂದ ಇದನ್ನು ಹೊರಗೆ ತಂದಿಟ್ಟರೆ ಅದು ಬರೆದವರ ಮಾತನ್ನು ಮೀರಿದಂತೆ.

ಈ ಎಚ್ಚರವೇ ನನ್ನನ್ನು ಕಂಪೈಲರುಗಳ ಕಡೆ ಸೆಳೆದದ್ದು. ಅವು ಜಾಣತನವನ್ನು ತೋರಿಸುವುದು ನಮ್ಮ ಮಾತಿಗೆ ಕುಂದು ಬರುವುದಿಲ್ಲ ಎಂದು ಖಾತ್ರಿಯಾದ ಜಾಗದಲ್ಲಿ ಮಾತ್ರ. ಆದ್ದರಿಂದ ಅನುಭವವುಳ್ಳವರು ಕಂಪೈಲರಿಗೆ ಕಷ್ಟ ಕೊಡುವುದಿಲ್ಲ. ಮಿತಿ ಬದಲಾಗದು ಎಂದು ತಮಗೆ ತಿಳಿದಿದ್ದರೆ ಲೂಪಿನ ಮೇಲಿನ ಸಾಲಿನಲ್ಲೇ ಅದನ್ನು ಒಂದು ಹೆಸರಿನಲ್ಲಿ ಇಟ್ಟುಕೊಂಡು, ಷರತ್ತಿನಲ್ಲಿ ಆ ಹೆಸರನ್ನಷ್ಟೇ ಬರೆಯುತ್ತಾರೆ. ಓದುವವರಿಗೂ ‘ಇದು ಬದಲಾಗದ ಮಿತಿ’ ಎಂದು ಆ ಒಂದು ಸಾಲೇ ಹೇಳಿಬಿಡುತ್ತದೆ.

ಮಿತಿಯನ್ನು ಯಾವಾಗ ನೋಡಬೇಕು ಎಂಬುದಕ್ಕೆ ಇನ್ನೊಂದು ಮುಖವಿದೆ. ಷರತ್ತನ್ನು ಸುತ್ತಿನ ಮೊದಲು ನೋಡಬೇಕೋ, ಆದ ಮೇಲೆ ನೋಡಬೇಕೋ? ಹಳೆಯ ಫೋರ್ಟ್ರಾನ್ ಕಂಪೈಲರುಗಳಲ್ಲಿ ಅನೇಕವು ಸುತ್ತು ಮುಗಿದ ಮೇಲೆ ನೋಡುತ್ತಿದ್ದವು. ಆದ್ದರಿಂದ ‘ಸೊನ್ನೆ ಸಲ ಮಾಡು’ ಎಂದರೂ ಒಂದು ಸಲ ಮಾಡಿಯೇ ನಿಲ್ಲುತ್ತಿದ್ದವು. 1977ರ ನಿಯಮ ಇದನ್ನೂ ಸರಿಪಡಿಸಿತು. ಸುತ್ತುಗಳ ಲೆಕ್ಕ ಸೊನ್ನೆ ಬಂದರೆ ಒಂದು ಸುತ್ತೂ ಇಲ್ಲ.

ಇದು ಎಷ್ಟು ದೊಡ್ಡ ವ್ಯತ್ಯಾಸ ಎಂಬುದನ್ನು ಪ್ಯಾಕ್‌ಮ್ಯಾನ್ ತೋರಿಸುತ್ತದೆ. ಜಪಾನಿನಲ್ಲಿ 1980ರಲ್ಲಿ ಹುಟ್ಟಿದ ಆಟ, ಹಳದಿ ಬಾಯಿಯೊಂದು ಚುಕ್ಕಿಗಳನ್ನು ನುಂಗುತ್ತ ಓಡುವುದು. ನಿಮ್ಮ ಅಪ್ಪ ಅಮ್ಮನಿಗೆ ಗೊತ್ತಿರುತ್ತದೆ. ಪರದೆಯ ಕೆಳಗೆ, ನೀವು ಎಷ್ಟನೆಯ ಹಂತದಲ್ಲಿದ್ದೀರಿ ಎಂಬುದಕ್ಕೆ ತಕ್ಕಂತೆ ಹಣ್ಣುಗಳ ಚಿತ್ರ ಬರುತ್ತದೆ, ಹೆಚ್ಚೆಂದರೆ ಏಳು. ಹಂತದ ಸಂಖ್ಯೆಯನ್ನು ಒಂದೇ ಬೈಟಿನಲ್ಲಿ ಇಟ್ಟಿದ್ದರು. ಒಂದು ಬೈಟಿನಲ್ಲಿ 0ಯಿಂದ 255ರ ತನಕ ಮಾತ್ರ ಹಿಡಿಸುತ್ತದೆ. 255ಕ್ಕೆ ಒಂದು ಕೂಡಿಸಿದರೆ ಮತ್ತೆ 0. ಯಾರೋ ಹಟ ಹಿಡಿದು 256ನೆಯ ಹಂತ ಮುಟ್ಟಿದಾಗ ಹಣ್ಣು ಬಿಡಿಸುವ ಲೂಪಿಗೆ ‘0 ಹಣ್ಣು ಬಿಡಿಸು’ ಎಂಬ ಮಿತಿ ಹೋಯಿತು. ಆ ಲೂಪು ಮೊದಲು ಒಂದು ಹಣ್ಣು ಬಿಡಿಸಿ, ಆಮೇಲೆ ಎಣಿಕೆಯಿಂದ ಒಂದು ಕಳೆದು, ಸೊನ್ನೆ ಆಯಿತೇ ಎಂದು ನೋಡುವಂಥದ್ದು. ಸೊನ್ನೆಯಿಂದ ಒಂದು ಕಳೆದರೆ ಬೈಟಿನಲ್ಲಿ 255 ಆಗುತ್ತದೆ. ಅಲ್ಲಿಂದ ಇಳಿಯುತ್ತ ಬಂದು ಒಟ್ಟು 256 ಸಲ ಬಿಡಿಸಿಬಿಟ್ಟಿತು. ಹಣ್ಣುಗಳ ಪಟ್ಟಿ ಮುಗಿದ ಮೇಲೆ ನೆನಪಿನಲ್ಲಿ ಮುಂದೆ ಏನಿತ್ತೋ ಅದನ್ನೇ ಚಿತ್ರ ಎಂದುಕೊಂಡು ಬಿಡಿಸಿತು. ಪರದೆಯ ಬಲ ಅರ್ಧ ಅಕ್ಷರ, ಅಂಕಿಗಳ ಕಲಸುಮೇಲೋಗರವಾಯಿತು, ಆ ಹಂತವನ್ನು ಮುಗಿಸುವುದೇ ಆಗದಾಯಿತು. ಈ ಆಜ್ಞೆಗಳನ್ನು ಯಾವ ಕಂಪೈಲರೂ ಕೊಟ್ಟದ್ದಲ್ಲ. ಮನುಷ್ಯರೇ ಯಂತ್ರದ ಭಾಷೆಗೆ ಹತ್ತಿರದ ಅಸೆಂಬ್ಲಿಯಲ್ಲಿ ಕೈಯಾರೆ ಬರೆದದ್ದು. 1977ರ ಫೋರ್ಟ್ರಾನಿನಂಥ ನಿಯಮ ಇದ್ದಿದ್ದರೆ ಒಂದು ಹಣ್ಣೂ ಬೀಳುತ್ತಿರಲಿಲ್ಲ.

ಇನ್ನು ಸ್ವಲ್ಪ ನಮ್ಮ ಕಡೆಗೆ ಬರೋಣ. ಐಐಟಿ ಕಾನ್ಪುರದಲ್ಲಿ 1963ರಲ್ಲಿ ಐಬಿಎಂ 1620 ಎಂಬ ಯಂತ್ರ ಬಂದಾಗ, ಅದರ ಮೇಲೆ ಫೋರ್ಟ್ರಾನ್ ಕಲಿಸಿದವರಲ್ಲಿ ಪ್ರೊಫೆಸರ್ ವಿ. ರಾಜಾರಾಮನ್ ಒಬ್ಬರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ್ದ ಅವರು ಮುಂದೆ ಅಲ್ಲಿಗೇ ಮರಳಿ ಪಾಠ ಮಾಡಿದರು. ಅವರ ಫೋರ್ಟ್ರಾನ್ ಪುಸ್ತಕ ಹಿಡಿದು ಲೂಪು ಬರೆಯಲು ಕಲಿತವರು ದೇಶದ ತುಂಬ ಇದ್ದಾರೆ. ಅದೇ ಸಂಸ್ಥೆಯ ವೈ. ಎನ್. ಶ್ರೀಕಾಂತ್ ಮತ್ತು ಪ್ರೀತಿ ಶಂಕರ್ ಸಂಪಾದಿಸಿದ ಕಂಪೈಲರ್ ವಿನ್ಯಾಸದ ಕೈಪಿಡಿ 2002ರಲ್ಲಿ ಹೊರಬಂತು.

ಈಗ ಅಲ್ಲಿರುವ ಉದಯ್ ಬೊಂದುಗುಲ ಅವರ ಕೆಲಸವಂತೂ ನೇರವಾಗಿ ಲೂಪಿನ ಮಿತಿಗಳ ಮೇಲೆಯೇ ನಿಂತಿದೆ. ಅವರು ಮತ್ತು ಸಂಗಡಿಗರು 2008ರಲ್ಲಿ ಪ್ಲೂಟೊ ಎಂಬ ಸಾಧನವನ್ನು ವಿದ್ವಾಂಸರ ಮುಂದಿಟ್ಟರು. ಅದರ ಹಿಂದಿನ ಯೋಚನೆ ನಿಮಗೂ ಅರ್ಥವಾಗುವಂಥದ್ದೇ. ಒಂದು ಲೂಪಿನೊಳಗೆ ಇನ್ನೊಂದು ಲೂಪು ಇದೆ. ಹೊರಗಿನದು 1ರಿಂದ 10ರ ತನಕ ಓಡುತ್ತದೆ. ಒಳಗಿನದು 1ರಿಂದ ಹೊರಗಿನ ಎಣಿಕೆಯ ತನಕ. ಅಂದರೆ ಮೊದಲ ಸಲ 1 ಸುತ್ತು, ಎರಡನೆಯ ಸಲ 2, ಹೀಗೆ 10ರ ತನಕ. ಪ್ರತಿ ಸುತ್ತಿಗೂ ಗ್ರಾಫ್ ಹಾಳೆಯ ಮೇಲೆ ಒಂದು ಚುಕ್ಕಿ ಇಡಿ. ತ್ರಿಕೋನ ಬರುತ್ತದೆ! ಮಿತಿಗಳು ಹೀಗೆ ‘ಹೊರಗಿನ ಎಣಿಕೆಗೆ ಇಷ್ಟು ಕೂಡು’, ‘ಎರಡರಷ್ಟು ಮಾಡು’ ಎಂಬಂಥ ನೇರ ಲೆಕ್ಕಗಳಾಗಿದ್ದರೆ ಚುಕ್ಕಿಗಳ ಗುಂಪಿಗೆ ನೆಟ್ಟಗಿನ ಅಂಚುಗಳುಳ್ಳ ಆಕಾರ ಬರುತ್ತದೆ. ಆಗ ಕಂಪೈಲರ್ ಲೂಪನ್ನು ಸಾಲು ಸಾಲು ಆಜ್ಞೆಗಳಂತೆ ನೋಡದೆ ರೇಖಾಗಣಿತದ ಒಂದು ಆಕೃತಿಯಂತೆ ನೋಡಬಲ್ಲದು. ಯಾವ ಚುಕ್ಕಿಗೆ ಯಾವ ಚುಕ್ಕಿಯ ಉತ್ತರ ಮೊದಲು ಬೇಕು ಎಂಬುದನ್ನು ಕೆಡಿಸದೆ ಆಕೃತಿಯನ್ನು ಓರೆ ಮಾಡುತ್ತದೆ, ತುಂಡು ತುಂಡಾಗಿ ಕತ್ತರಿಸುತ್ತದೆ, ತುಂಡುಗಳನ್ನು ಕಂಪ್ಯೂಟರಿನೊಳಗೆ ಏಕಕಾಲಕ್ಕೆ ಲೆಕ್ಕ ಮಾಡುವ ಬೇರೆ ಬೇರೆ ಕೋರ್‌ಗಳಿಗೆ ಹಂಚಿಬಿಡುತ್ತದೆ. ಮಿತಿಯಲ್ಲಿ ಎರಡು ಎಣಿಕೆಗಳ ಗುಣಾಕಾರ ಬಂದರೆ ಅಂಚು ಬಾಗುತ್ತದೆ, ಈ ವಿದ್ಯೆ ಅಲ್ಲಿ ನೇರವಾಗಿ ನಡೆಯದು.

ಅದೇ ತ್ರಿಕೋನದಲ್ಲಿ ಎಷ್ಟು ಚುಕ್ಕಿ? 1ರಿಂದ 10ರ ತನಕ ಕೂಡಿಸಿದರೆ 55. ಒಂದೊಂದಾಗಿ ಕೂಡಿಸದೆ 10 ಗುಣಿಸು 11, ಅದರ ಅರ್ಧ ಎಂದರೂ ಬಂತು. ಹೀಗೆ ಒಂದೇ ಕ್ರಮದಲ್ಲಿ ಏರುವ ಸಂಖ್ಯೆಗಳ ಮೊತ್ತ ತೆಗೆಯುವ ಸೂತ್ರ ನಮ್ಮ ದೇಶದಲ್ಲಿ ಬಹಳ ಹಳೆಯದು. ಆರ್ಯಭಟನಲ್ಲಿ ಇದೆ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯರು ಬರೆದ ಗಣಿತಸಾರಸಂಗ್ರಹದಲ್ಲೂ ಇದೆ. ಇಂದಿನ ಕ್ಲ್ಯಾಂಗ್ ಎಂಬ ಸಿ ಕಂಪೈಲರಿಗೆ ‘1ರಿಂದ ಈ ಮಿತಿಯ ತನಕ ಎಲ್ಲವನ್ನೂ ಕೂಡಿಸು’ ಎಂಬ ಲೂಪು ಕೊಟ್ಟು, ಚುರುಕಾಗಿ ಮಾಡು ಎಂದು ಕೇಳಿಕೊಂಡು ನೋಡಿ. ಅದು ಹೊರಗೆ ಕೊಡುವ ಆಜ್ಞೆಗಳಲ್ಲಿ ಲೂಪೇ ಇರುವುದಿಲ್ಲ. ಸುತ್ತುಗಳೆಷ್ಟು ಎಂದು ಮೊದಲೇ ತಿಳಿಯುತ್ತದೆ, ಪ್ರತಿ ಸುತ್ತಿನಲ್ಲಿ ಆಗುವುದೇನೆಂದು ತಿಳಿಯುತ್ತದೆ. ಹಾಗಾಗಿ ಗುಣಾಕಾರದ ಸೂತ್ರವನ್ನೇ ಬರೆದುಬಿಟ್ಟಿರುತ್ತದೆ. ಹತ್ತು ಇರಲಿ, ಹತ್ತು ಕೋಟಿ ಇರಲಿ, ಒಂದೇ ಹೊತ್ತು.

ನಿಮ್ಮ ಶಾಲೆಯಲ್ಲಿ ಪೈಥಾನ್ ಇರುವ ಕಂಪ್ಯೂಟರ್ ಇದ್ದರೆ ಹೀಗೊಂದು ಪರೀಕ್ಷೆ ಮಾಡಿ, ಟೀಚರ್ ಪಕ್ಕದಲ್ಲಿರಲಿ. ಮೂರು ಹೆಸರುಗಳ ಪಟ್ಟಿ ಮಾಡಿ: ಚಿಪ್ಪಗಿರಿ, ಆಲೂರು, ಆದೋನಿ. ಮೊದಲು ರೇಂಜ್ ಎಂಬ ಆಜ್ಞೆಗೆ ಪಟ್ಟಿಯ ಉದ್ದ ಕೊಟ್ಟು ಲೂಪು ಬರೆಯಿರಿ. ಪ್ರತಿ ಸುತ್ತಿನಲ್ಲೂ ಪಟ್ಟಿಯ ಕೊನೆಗೆ ಇನ್ನೊಂದು ಊರನ್ನು ಸೇರಿಸಿ. ಮೂರೇ ಸುತ್ತಿಗೆ ನಿಲ್ಲುತ್ತದೆ, ಪಟ್ಟಿಯಲ್ಲಿ ಆರು ಹೆಸರು ಇರುತ್ತವೆ. ಆಮೇಲೆ ರೇಂಜ್ ಬಿಟ್ಟು ‘ಪಟ್ಟಿಯ ಒಂದೊಂದು ಊರಿಗೂ’ ಎಂದು ಲೂಪು ಬರೆದು, ಅದೇ ರೀತಿ ಒಂದೊಂದು ಊರನ್ನು ಸೇರಿಸುತ್ತ ಹೋಗಿ. ಈ ಲೂಪು ತಾನಾಗಿ ನಿಲ್ಲುವುದಿಲ್ಲ. ಕಂಟ್ರೋಲ್ ಮತ್ತು ಸಿ ಗುಂಡಿಗಳನ್ನು ಒಟ್ಟಿಗೆ ಒತ್ತಿ ನೀವೇ ನಿಲ್ಲಿಸಬೇಕು. ಒಂದೇ ಭಾಷೆಯಲ್ಲಿ ಎರಡೂ ಪದ್ಧತಿಗಳು ಹೇಗೆ ಬಂದವು, ಯಾವ ಸಾಲಿನಲ್ಲಿ ಉದ್ದವನ್ನು ಒಮ್ಮೆ ಕೇಳಲಾಗಿದೆ, ಯಾವುದರಲ್ಲಿ ಸುತ್ತಿಗೊಮ್ಮೆ ಕೇಳಲಾಗುತ್ತಿದೆ ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆದು ಟೀಚರಿಗೆ ತೋರಿಸಿ.